ಬೆರಳ ಬೆನ್ನು

ಹೋದ ವಾರ ತಮ್ಮನ ಮನೆಯಿಂದ ಮಣೂಕದ ಪ್ಯಾಕೆಟ್ ಬಂತು. ತಿಕೋಟಾದ ಹೊಸ ಒಣದ್ರಾಕ್ಷಿ, ಹಸಿರು ಬೆರೆತ ಬಂಗಾರದ ಬಣ್ಣ. ಕತ್ತರಿಯಿಂದ ಮೂಲೆ ಕತ್ತರಿಸಿದಾಗ ಮೊದಲು ಮೂಗಿಗೆ ಬಂದದ್ದು ಗಂಧಕದ ಹೊಗೆಯ ಸಣ್ಣ ಘಾಟು. ಅದರ ಹಿಂದೆಯೇ ಪ್ಲಾಸ್ಟಿಕ್ ಮೇಲಿನ ಇಂಕಿನ ವಾಸನೆ. ಬೇರೆಯವರಾಗಿದ್ದರೆ ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಅದರ ಅಂಚು ನೋಡಿದೆ. ನೆಟ್ಟಗಿತ್ತು, ಎಲ್ಲೂ ಮುದುರಿರಲಿಲ್ಲ. ಥ್ಯಾಂಕ್ ಗಾಡ್ ಅಂದುಕೊಂಡೆ. ಒಂದು ಬೇಸಿಗೆಯಲ್ಲಿ ಅಂಟಿಕೊಂಡ ಚಟ, ಇನ್ನೂ ಬಿಟ್ಟಿಲ್ಲ.

ಎರಡು ವರ್ಷದ ಹಿಂದಿನ ಮಾತು. ನನ್ನ ತಮ್ಮ ಅಶೋಕನಿಗೆ ಸೊಲ್ಲಾಪುರದಲ್ಲಿ ಬೈಪಾಸ್ ಆಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಕೊಂಡೇ ನನ್ನ ಕೈ ಹಿಡಿದು, "ಅಕ್ಕಾ, ಮೂರು ತಿಂಗಳ ಫ್ಯಾಕ್ಟರಿ ನೋಡ್ಕೋ. ಮಣೂಕದ ಸೀಜನ್ ಮುಗಿಯೂತನಾ. ನೀ ಬರೇ ಕುರ್ಚಿಮ್ಯಾಲ ಕುಂತ್ರೂ ಸಾಕು" ಅಂದ. ವಿಜಯಪುರದ ಕಾನ್ವೆಂಟಿನಲ್ಲಿ ಓದಿ, ಅಲ್ಲಿಯೇ ಇಂಗ್ಲಿಷ್ ಟೀಚರ್ ಆಗಿ, ಅಲ್ಲಿಂದಲೇ ರಿಟೈರ್ ಆದವಳು ನಾನು. ಪ್ರಿಪೊಸಿಷನ್ ತಪ್ಪಾದರೆ ಎಲ್ಲಿ ತಪ್ಪಿತು ಅಂತ ಹೇಳಬಲ್ಲೆ. ಮಷಿನ್ ತಪ್ಪಿದರೆ ಹೇಗೆ ಹೇಳಲಿ? ಆದರೆ ಎದೆಯುದ್ದಕ್ಕೂ ಹೊಲಿಗೆ ಹಾಕಿಸಿಕೊಂಡು ಮಲಗಿದವನಿಗೆ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ಫ್ಯಾಕ್ಟರಿ ಇರುವುದು ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ. ತಗಡಿನ ದೊಡ್ಡ ಶೆಡ್ಡು, ಒಳಗೆ ಒಂದೇ ಮುಖ್ಯ ಮಷಿನ್. ಚಿತ್ರ ಅಚ್ಚಾಗಿ ಬಂದ ಅಗಲವಾದ ಪ್ಲಾಸ್ಟಿಕ್ ಫಿಲ್ಮಿನ ರೋಲನ್ನು ಈ ಕಡೆ ಏರಿಸುತ್ತಾರೆ. ಅದು ಹತ್ತಾರು ಉಕ್ಕಿನ ರೋಲರುಗಳ ಮೇಲೆ, ಕೆಳಗೆ ಹಾಯ್ದು, ಬ್ಲೇಡಿಗೆ ಸಿಕ್ಕು ಪಟ್ಟಿಪಟ್ಟಿಯಾಗಿ ಕತ್ತರಿಸಿಕೊಂಡು, ಆ ಕಡೆ ಸಣ್ಣ ರೋಲುಗಳಾಗಿ ಸುತ್ತಿಕೊಳ್ಳುತ್ತದೆ. ಆ ಪಟ್ಟಿಗಳಿಂದಲೇ ಮಣೂಕದ ಪ್ಯಾಕೆಟ್ಟು. ನೋಡಲು ಸೀರೆ ಮಡಿಸಿದಷ್ಟು ಸಲೀಸು. ಕಷ್ಟವೆಲ್ಲ ಬಿಗಿಯಲ್ಲಿ. ಸಡಿಲಾದರೆ ಫಿಲ್ಮು ಅತ್ತಿತ್ತ ಅಲೆಯುತ್ತದೆ. ಬಿಗಿಯಾದರೆ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಅವತ್ತು ಏನೂ ಕಾಣುವುದಿಲ್ಲ. ನಾಲ್ಕು ದಿನದ ಮೇಲೆ ರೋಲಿನೊಳಗೇ ಮೈ ಕುಗ್ಗಿಸಿಕೊಂಡು ಅಂಚು ಮುದುರುತ್ತದೆ, ದ್ರಾಕ್ಷಿಯ ಚಿತ್ರ ಅರ್ಧ ಈ ಪ್ಯಾಕೆಟ್ಟಿಗೆ, ಅರ್ಧ ಆ ಪ್ಯಾಕೆಟ್ಟಿಗೆ ಹೋಗುತ್ತದೆ.

ಆ ಬಿಗಿಯನ್ನು ಅಳೆಯುತ್ತಿದ್ದದ್ದು ರತ್ನವ್ವನ ಕೈ. ಬಬಲೇಶ್ವರದಿಂದ ದಿನಾ ಬೆಳಗಿನ ಬಸ್ಸಿಗೆ ಬರುವ ನಲವತ್ತೈದರ ಹೆಂಗಸು. ತವರಿನಲ್ಲಿ ಮಗ್ಗ ಇತ್ತು, ಹಾಸಿನ ನೂಲಿನ ಬಿಗಿ ನೋಡುತ್ತ ಬೆಳೆದವಳು. ಓಡುವ ಫಿಲ್ಮಿಗೆ ಬೆರಳಿನ ಬೆನ್ನು ತಾಗಿಸಿ, ಕಣ್ಣು ಅರೆಮುಚ್ಚಿ, ಬ್ರೇಕಿನ ಹಿಡಿಕೆಯನ್ನು ಒಂದು ಎಳ್ಳಷ್ಟು ತಿರುಗಿಸುತ್ತಿದ್ದಳು. ನಾನು ಹೋದ ಮೊದಲ ದಿನವೇ ಕರೆದಳು. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಅನ್ನುತ್ತಾರೆ.

"ಬಾಯಾರ, ಬರ್ರಿಲ್ಲೆ. ಬೆರಳ ಬೆನ್ನ ಇಡ್ರಿ. ಅಂಗೈ ಬ್ಯಾಡ್ರಿ, ಅಂಗೈಗೆ ಏನೂ ತಿಳಿಯೂದಿಲ್ಲ. ಅದು ಬರೇ ಹಿಡಿಯಾಕ ಕಲತೈತಿ."

"ನೋ ನೋ, ನೀನೇ ನೋಡವ್ವಾ," ಅಂದು ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಒಣಬಿಸಿಲಿನಲ್ಲಿ ಫಿಲ್ಮಿನ ಹತ್ತಿರ ಹೋದರೆ ಸಾಕು, ಮೈಮೇಲಿನ ಕೂದಲು ಎದ್ದು ನಿಲ್ಲುತ್ತಿದ್ದವು. ಅದರ ಮೇಲೆ ಮನಸ್ಸಿನಲ್ಲಿ ಒಂದು ಸಣ್ಣ ತಾತ್ಸಾರವೂ ಇತ್ತು. ಇಪ್ಪತ್ತೊಂದನೆಯ ಶತಮಾನದಲ್ಲಿ ಬೆರಳಿನಿಂದ ಫ್ಯಾಕ್ಟರಿ ನಡೆಸುವುದೆ?

ಅಶೋಕನಿಗೂ ಅದೇ ಅನಿಸಿರಬೇಕು. ಆಸ್ಪತ್ರೆ ಸೇರುವ ಮೊದಲೇ ಎರಡು ಟೆನ್ಷನ್ ಸೆನ್ಸರ್ ತರಿಸಿಟ್ಟಿದ್ದ. ಮುಷ್ಟಿಯಷ್ಟು ದಪ್ಪದ ಉಕ್ಕಿನ ಗಟ್ಟಿಗಳು, ಬಾಲದಲ್ಲಿ ವೈರು. ಒಂದು ರೋಲರಿನ ಎರಡೂ ತುದಿಯ ಬೇರಿಂಗಿನ ಕೆಳಗೆ ಇವನ್ನು ಕೂರಿಸಬೇಕು. ಮೇಲೆ ಹಾಯುವ ಫಿಲ್ಮು ರೋಲರನ್ನು ಎಷ್ಟು ಒತ್ತುತ್ತದೆ ಎನ್ನುವುದನ್ನು ಅಳೆದು, ಬ್ರೇಕನ್ನು ತಾವೇ ಬಿಗಿ ಮಾಡುತ್ತವೆ, ಸಡಿಲು ಮಾಡುತ್ತವೆ.

ಪೆಟ್ಟಿಗೆ ಒಡೆದ ದಿನ ರತ್ನವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ನಿಂತಳು.

"ಇದು ಕುಂತ್ರ ನನ್ನ ಕೈ ಯಾಕ ಬೇಕ್ರಿ ಬಾಯಾರ? ಮನಿಗೆ ಕಳಸ್ತೀರೇನ?"

"ಛೆ. ಯಾರಂದ್ರು ನಿನಗೆ? ನಾನು ಈ ಕುರ್ಚಿ ಮ್ಯಾಲೆ ಇರೂತನಾ ನಿನ್ನ ಕೆಲಸಕ್ಕೆ ಯಾರೂ ಕೈ ಹಚ್ಚೂದಿಲ್ಲ. ಐ ಗಿವ್ ಯು ಮೈ ವರ್ಡ್."

"ಅಂದ್ರ?"

"ಮಾತು ಕೊಟ್ಟೆ ಅಂತ."

ಅವಳು ತಲೆಯಾಡಿಸಿ ಹೋದಳು. ಮಾತು ಕೊಡುವುದು ಎಷ್ಟು ಹಗುರ!

ಕೂರಿಸಲು ಬಂದವನು ವಿಜಯಪುರದ ಫಿಟ್ಟರ್ ಸಿದ್ರಾಮ. ಕನ್ನಡಕಕ್ಕೆ ಹಿಂದೆ ದಾರ ಕಟ್ಟಿಕೊಂಡ, ಮೆತ್ತಗಿನ ಮಾತಿನ ಮನುಷ್ಯ. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿತ್ತು, ಆದ್ದರಿಂದ ನಾನು ಓದಿ ಹೇಳಬೇಕು, ಅವನು ಮಾಡಬೇಕು. ಅಯ್ಯೋ, ಎಷ್ಟು ವರ್ಷದ ಮೇಲೆ ನನಗೊಂದು ಕ್ಲಾಸು ಸಿಕ್ಕಿತ್ತು! ಸೆನ್ಸರಿನ ಮೈಮೇಲೆ ಒಂದು ಬಾಣದ ಗುರುತು. ಫಿಲ್ಮು ಒತ್ತುವ ದಿಕ್ಕಿಗೇ ಅದರ ಮೊನೆ ಇರಬೇಕು ಅಂತ ಓದಿದೆ. ಅವನು ಎರಡೂ ಬಾಣವನ್ನು ನೆಲಕ್ಕೆ ಮುಖ ಮಾಡಿ ಕೂರಿಸಿದ. ಅಕ್ಕಪಕ್ಕದ ರೋಲರಿಗೆ ಸಮಾನಾಂತರ ಇರಬೇಕು ಅಂದೆ. ಈ ತುದಿಯಿಂದ ಆ ತುದಿಗೆ ದಾರ ಎಳೆದು ಅಳೆದ. ರಸಮಟ್ಟ ಇಟ್ಟರೆ ಗುಳ್ಳೆ ಕೂದಲೆಳೆಯಷ್ಟು ಎಡಕ್ಕೆ. ತೆಳುವಾದ ತಗಡಿನ ಪತ್ರಾ ಕತ್ತರಿಸಿ ಬಲಗಡೆಯ ಬೇರಿಂಗಿನಡಿ ತೂರಿಸಿದ. ಈಗ ಬಲಕ್ಕೆ. ತೆಗೆದ, ಇನ್ನೂ ತೆಳುವಾದದ್ದು ಇಟ್ಟ. ಒಂದಿಡೀ ದಿನ ಆ ಗುಳ್ಳೆಯನ್ನು ನಡುವಿಗೆ ತರುವುದರಲ್ಲೇ ಹೋಯಿತು.

ಮರುದಿನ ಸೋಮವಾರ. ಅಶೋಕನ ಫೋನು. "ಅಕ್ಕಾ, ಪೂಜಾ ಮಾಡ್ಸಿ ಶುರು ಮಾಡು."

ಅವನು ಹೇಳದಿದ್ದರೂ ಮಾಡುವವಳಿದ್ದೆ. ನಾನು ದೊಡ್ಡ ಭಕ್ತೆಯಲ್ಲ. ಆದರೆ ಹಿಂದಿನ ರಾತ್ರಿ ಅವನಿಗೆ ಜ್ವರ ಬಂದಿತ್ತು. ವಿಜಯಪುರದ ಹೂವಿನ ಪೇಟೆಯಲ್ಲಿ ನಿಂತು, ತೋಳು ಗಾತ್ರದ ಎರಡು ಚೆಂಡುಹೂವಿನ ಹಾರ ಕಟ್ಟಿಸಿದೆ. ಹೂಗಾರಾಕಿ, "ಯಾವ ದೇವರಿಗ್ರಿ ಇಷ್ಟ ದಪ್ಪಂದು?" ಅಂತ ಕೇಳಿದಳು. ರೋಲರಿಗೆ ಅಂತ ಹೇಳಲು ನಾಚಿಕೆಯಾಗಿ ದುಡ್ಡು ಎಣಿಸತೊಡಗಿದೆ. ರೋಲರಿನ ಎರಡೂ ತುದಿಯಲ್ಲಿ, ತಿರುಗದ ಬೇರಿಂಗಿನ ಗೂಡಿಗೆ ಒಂದೊಂದು ಹಾರ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದೊಂದು ತೆಂಗಿನಕಾಯಿ. ನನ್ನ ಕೈಯಿಂದಲೇ ಕಟ್ಟಿದೆ. ಊದಿನಕಡ್ಡಿ ಹಚ್ಚಿ, ಅವನನ್ನು ಉಳಿಸಪ್ಪಾ ಅಂತ ಬೇಡಿಕೊಂಡೆ.

ಆಮೇಲೆ ಸಿದ್ರಾಮ ಕೇಳಿದ, "ಮುಂದ ಏನ್ ಬರದಾರ್ರಿ?"

ಓದಿದೆ. "ಈಗ ಸೊನ್ನೆ ಮಾಡಬೇಕಂತ. ರೋಲರಿನ ಮೇಲೆ ಯಾವ ಭಾರವೂ ಇರಬಾರದು ಅಂತ ಬರೆದಾರೆ."

ಅವನು ರೋಲರಿನ ಕಡೆ ನೋಡಿದ. ನಾನೂ ನೋಡಿದೆ. ಕುಂಕುಮ ಹಚ್ಚಿಕೊಂಡು, ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು.

"ಫಿಲ್ಮ್ ಇನ್ನಾ ಏರಿಸಿಲ್ಲಲ್ರಿ. ಖಾಲಿ ಐತಿ," ಅಂದ.

"ಹೌದು, ಖಾಲಿ ಅದ," ಅಂದೆ ನಾನು.

ಅವನು ಗುಂಡಿ ಒತ್ತಿದ. ಮೀಟರಿನಲ್ಲಿ ಕೆಂಪು ಸೊನ್ನೆ ಮೂಡಿತು. ಹಗ್ಗ ಹಾಯಿಸಿ ಹತ್ತು ಕಿಲೋದ ತೂಕದ ಕಲ್ಲು ಜೋತುಬಿಟ್ಟ. ಮೀಟರು ಹತ್ತು ಅಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ಕಿಲೋ ಬಿಗಿಗೆ ಕಟ್ಟಿ, ಫಿಲ್ಮು ಏರಿಸಿ ಓಡಿಸಿದೆವು. ರತ್ನವ್ವ ಬೆರಳು ತಾಗಿಸಿ ನೋಡಿ, "ಬರೊಬ್ಬರಿ ಐತ್ರಿ" ಅಂದಳು. ಆ ದಿನ ನಾನು ಅವಳಿಗಿಂತ ಹೆಚ್ಚು ನಂಬಿದ್ದು ಆ ಕೆಂಪು ಅಂಕಿಯನ್ನು.

ಮೂರನೆಯ ದಿನಕ್ಕೆ ಅವಳು ನನ್ನ ಟೇಬಲ್ಲಿನ ಹತ್ತಿರ ಬಂದಳು. "ಬಾಯಾರ, ಸ್ವಲ್ಪ ಬಿಗಿ ಆಗಾಕತ್ತೈತ್ರಿ."

ಹೋಗಿ ನೋಡಿದೆ. ಮೀಟರಿನಲ್ಲಿ ಆರು.

ನಾಲ್ಕನೆಯ ದಿನ, "ನಿನ್ನಿಗಿಂತ ಬಿಗಿ ಐತ್ರಿ." ಮೀಟರಿನಲ್ಲಿ ಆರು. ಮಧ್ಯಾಹ್ನದ ಪಾಳಿಯ ಮಲ್ಲೇಶಿ ನಕ್ಕ. "ಬಾಯಾರ, ಆಕಿಗೆ ಮೀಟರ್ ಕಂಡ್ರ ಸವತಿ ಕಂಡಂಗ ಆಗ್ತೈತ್ರಿ."

"ಸವತಿ ಆದ್ರೂ ಖರೆ ಹೇಳ್ಬೇಕಲೇ ಮಲ್ಲ್ಯಾ," ಅಂದಳು ರತ್ನವ್ವ. ನಾನೂ ನಕ್ಕೆ. 

ಆರನೆಯ ದಿನಕ್ಕೆ ಹಾರ ಒಣಗಿ, ಪಕಳೆ ಉದುರಿ ಫಿಲ್ಮಿಗೆ ಅಂಟತೊಡಗಿದವು, ತೆಂಗಿನಕಾಯಿಗೆ ಇರುವೆ ಹತ್ತಿದವು. ಎಲ್ಲ ಇಳಿಸಲು ಹೇಳಿದೆ. ಮಷಿನ್ ನಿಲ್ಲಿಸದೆಯೇ ಮಲ್ಲೇಶಿ ಬಿಚ್ಚಿ ತೆಗೆದ.

ಆಮೇಲೆ ಒಂದರ ಹಿಂದೆ ಒಂದು. ತಿಕೋಟಾದ ಪ್ಯಾಕಿಂಗಿನವರಿಂದ ಫೋನು: ಅಂಚು ಮುದುರಾಕತ್ತಾವು, ಸೀಲ್ ಕೂಡುವುದಿಲ್ಲ, ರೋಲು ವಾಪಸ್ ಕಳಿಸುತ್ತೇವೆ. ಅತ್ತ ಪಶ್ಚಿಮದಲ್ಲಿ, ಕನಮಡಿಯ ಕಡೆ, ಮಾರ್ಚ್ ತಿಂಗಳಲ್ಲಿ ಮೋಡ ಕಟ್ಟಿಕೊಂಡವು. ಮಣೂಕ ಒಣಗುವ ಶೆಡ್ಡಿನ ಮೇಲೆ ಆ ಹೊತ್ತಿನಲ್ಲಿ ಮಳೆ ಬಿದ್ದರೆ ಬಂಗಾರ ಕಪ್ಪಾಗುತ್ತದೆ. ಒಣಗಿದ್ದನ್ನೆಲ್ಲ ತುಂಬಿಡಲು ಎಲ್ಲರಿಗೂ ಒಮ್ಮೆಲೇ ಪ್ಯಾಕೆಟ್ ಬೇಕು. ಫೋನು ಕೆಳಗಿಟ್ಟರೆ ಮತ್ತೊಂದು ಫೋನು. ಅಶೋಕನಿಗೆ ಹೇಳುವ ಹಾಗಿಲ್ಲ, ಅವನ ಎದೆ ಇನ್ನೂ ಹಸಿ. 

ಬುಧವಾರ ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟಾಗ ಮೀಟರಿನ ಮೇಲೆ ಕಣ್ಣು ಬಿತ್ತು. ಆರು ಇರಲಿಲ್ಲ. ನಾಲ್ಕು ಪಾಯಿಂಟ್ ಎಂಟು. ಹತ್ತಿರ ಹೋದೆ. ಆಟೋಮ್ಯಾಟಿಕ್ಕಿನ ಸ್ವಿಚ್ಚು ಆಫ್ ಆಗಿತ್ತು. ರತ್ನವ್ವ ಕೈಯಿಂದ ಬ್ರೇಕು ತಿರುಗಿಸುತ್ತಿದ್ದಳು.

"ಎಷ್ಟು ದಿನದಿಂದ ಹಿಂಗ ಮಾಡಾಕತ್ತಿ?"

"ನಾಕೈದ ದಿನ ಆತ್ರಿ. ನನ್ನ ಪಾಳ್ಯಾಗ ಅಷ್ಟ. ಬಿಗಿ ಭಾಳ ಇತ್ರಿ ಬಾಯಾರ, ನಿಮಗ ಹೇಳಿನಿ, ನೀವು ಕಿವ್ಯಾಗ ಹಾಕ್ಕೊಳ್ಳಿಲ್ಲ..."

ನನ್ನ ಒಳಗಿದ್ದ ಹೆದರಿಕೆಯೆಲ್ಲ ಅವಳ ಮೇಲೆ ಸಿಟ್ಟಾಗಿ ಬಿತ್ತು. ವಾಪಸ್ ಬಂದ ರೋಲುಗಳು ಗೋಡೆಯ ಹತ್ತಿರವೇ ಇದ್ದವು. ಒಳಗಿನ ಚೀಟಿಯಲ್ಲಿ ಯಾವ ಪಾಳಿಯವು ಅಂತ ಬರೆದಿರುತ್ತದೆ. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು, ಹೆಸರು ನೋಡದೆ ಯಾರಿಗೂ ಸೊನ್ನೆ ಹಾಕದವಳು, ಆ ಚೀಟಿ ನೋಡಲಿಲ್ಲ.

"ಈ ಮಾಲು ಕೆಡಿಸಿದ್ದು ನಿನ್ನ ಕೈ!" ಅಂದೆ. ಮಷಿನಿನ ಸದ್ದಿಗಿಂತ ಜೋರಾಗಿ, ಎಲ್ಲರ ಮುಂದೆ. "ನನ್ನ ಕಣ್ಣು ತಪ್ಪಿಸಿ ನಿನ್ನ ಹಟ ಸಾಧಿಸಿದಿ. ಇನ್ನ ಈ ಮಷಿನ್ ಮುಟ್ಟಬ್ಯಾಡ."

ಅವಳು ಮಷಿನ್ ನಿಲ್ಲಿಸಿ, ನಳದಲ್ಲಿ ಕೈ ತೊಳೆದುಕೊಂಡು, ಬುತ್ತಿಯ ಡಬ್ಬಿ ಎತ್ತಿಕೊಂಡಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, "ಮಾತು ಕೊಟ್ಟಿದ್ರಿ ಬಾಯಾರ," ಅಂದು ರಸ್ತೆಗೆ ಇಳಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇವಿನ ಮರದ ಕೆಳಗೆ ಅವಳು ನಿಂತದ್ದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ನಾನು ಪರದೆ ಎಳೆದೆ.

ಎರಡು ದಿನ ಮಲ್ಲೇಶಿ ಒಬ್ಬನೇ ಎರಡೂ ಪಾಳಿ ನಡೆಸಿದ. ಮೀಟರು ಸದಾ ಆರು. ಫಿಲ್ಮು ಹರಿಯಿತು, ಜೋಡಿಸಿದರು, ಮತ್ತೆ ಹರಿಯಿತು. ಶುಕ್ರವಾರ ಸಿದ್ರಾಮನನ್ನು ಕರೆಸಿದೆ. ಅವನು ಬಾಣ ನೋಡಿದ, ದಾರ ಎಳೆದ, ರಸಮಟ್ಟ ಇಟ್ಟ. ಗುಳ್ಳೆ ನಡುವೆಯೇ ಇತ್ತು. "ಎಲ್ಲಾ ಸರಿ ಐತಿ," ಅಂತ ತಲೆ ಕೆರೆದುಕೊಂಡ. ಕೊನೆಗೆ ಫಿಲ್ಮನ್ನೆಲ್ಲ ಇಳಿಸಿ ರೋಲರನ್ನು ಬೋಳು ಮಾಡಿದ. ಅಷ್ಟೂ ದಿನಗಳಲ್ಲಿ ಅದು ಖಾಲಿಯಾದದ್ದು ಅದೇ ಮೊದಲು. ಹರಿದಾಗಲೂ ತುಂಡು ಅದರ ಮೇಲೆಯೇ ಇರುತ್ತಿತ್ತು.

ಮೀಟರಿನಲ್ಲಿ ಮೈನಸ್ ಒಂದು ಪಾಯಿಂಟ್ ಎರಡು.

"ಇದೇನ್ರಿ? ಏನೂ ಇಲ್ಲದಾಗ ಸೊನ್ನೆ ಇರಬೇಕಲ್ರಿ?"

ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ಮಲ್ಲೇಶಿ ಶುಕ್ರವಾರದ ಪೂಜೆಗೆ ಅಂತ ಹೂಗಾರಾಕಿಯಿಂದ ತಂದ ಹೊಸ ಹಾರ ಹಿಡಿದು ಬಂದ. ಹಿಂದಿನಷ್ಟೇ ದಪ್ಪ ಕಟ್ಟಿಸು, ಕಾಯಿಯನ್ನೂ ತಾ ಅಂತ ನಾನೇ ಹೇಳಿದ್ದೆ. ನಾವು ಮೀಟರಿನ ಮುಂದೆ ನಿಂತಿರುವಾಗಲೇ ಅವನು ಎಡಗಡೆಯ ತುದಿಗೆ ಹಾರ ಹಾಕಿ ಕಾಯಿ ಕಟ್ಟಿದ. ಅಂಕಿ ಅಲುಗಿತು. ಮೈನಸ್ ಪಾಯಿಂಟ್ ಆರು. ಬಲಗಡೆಗೂ ಕಟ್ಟಿದ.

ಸೊನ್ನೆ.

ಸಿದ್ರಾಮ ಕನ್ನಡಕ ತೆಗೆದ. ನಾನು ರೋಲರಿನ ಮೇಲೆ ಕೈ ಊರಿದೆ, ಅಂಕಿ ಮೇಲೆ ಹಾರಿತು. ನನ್ನ ಕೈಗೂ ಭಾರವಿದೆ ಅಂತ ಆ ಮಷಿನಿಗೆ ಗೊತ್ತಿತ್ತು, ದೇವರ ಹೂವಿಗೂ ಭಾರವಿದೆ ಅಂತ ಗೊತ್ತಿತ್ತು. ಗೊತ್ತಿಲ್ಲದವರು ನಾವಿಬ್ಬರೇ. ಹಾರ ತೊಟ್ಟ ರೋಲರನ್ನು ಖಾಲಿ ಅಂತ ಎಣಿಸಿ, ಅದರ ಭಾರವನ್ನೇ ಸೊನ್ನೆ ಅಂತ ಬರೆದುಕೊಂಡಿದ್ದೆವು. ಹೂವು ಬಾಡಿದಷ್ಟೂ ಭಾರ ಇಳಿಯಿತು, ಹಾರ, ಕಾಯಿ ಬಿಚ್ಚಿ ತೆಗೆದ ದಿನ ಪೂರಾ ಇಳಿಯಿತು. ಇಳಿದಷ್ಟನ್ನೂ ಮಷಿನ್ ಫಿಲ್ಮನ್ನು ಎಳೆದು ತುಂಬಿಕೊಂಡಿತು. ದಿನದಿನಕ್ಕೂ ಬಿಗಿ ಏರಿದ್ದು ನಿಜ. ಅವಳು ಹೇಳಿದಂತೆಯೇ.

ಆಗ ಲೆಕ್ಕ ತಲೆಗೆ ಹೊಳೆಯಿತು. ಬುಧವಾರ ಅವಳು ಕೈಯಿಂದ ಕಟ್ಟಿದ್ದ ಬಿಗಿ ಮೀಟರಿನಲ್ಲಿ ನಾಲ್ಕು ಪಾಯಿಂಟ್ ಎಂಟು. ಅದಕ್ಕೆ ಮೀಟರು ನುಂಗಿದ ಒಂದು ಪಾಯಿಂಟ್ ಎರಡು ಕೂಡಿಸಿದರೆ ಆರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಗೋಡೆಯ ಹತ್ತಿರ ಹೋಗಿ ವಾಪಸ್ ಬಂದ ರೋಲುಗಳ ಚೀಟಿ ಒಂದೊಂದಾಗಿ ಓದಿದೆ. ಎಲ್ಲವೂ ಮಧ್ಯಾಹ್ನದ ಪಾಳಿಯವು. ಅವಳದೊಂದೂ ಇರಲಿಲ್ಲ.

ಅವತ್ತೇ ಬಬಲೇಶ್ವರಕ್ಕೆ ಹೋದೆ. ಮೋಡ ಇನ್ನೂ ಕವಿದೇ ಇತ್ತು, ಗಾಳಿ ಸತ್ತುಹೋಗಿತ್ತು. ರತ್ನವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಬರ್ರಿ ಅಂದಳು, ನೀರು ಕೊಟ್ಟಳು, ಮತ್ತೆ ಮೊರ ಹಿಡಿದಳು. ಹಾರದ ಕಥೆಯನ್ನೆಲ್ಲ ಹೇಳಿದೆ. ಮೊರ ನಿಲ್ಲಲಿಲ್ಲ.

"ಐ ಆಮ್ ಸಾರಿ ರತ್ನವ್ವಾ. ರಿಯಲಿ, ವೆರಿ ಸಾರಿ."

ಮೊರ ನಿಂತಿತು. "ಬೈಯೂಮುಂದ ಕನ್ನಡದಾಗ ಬೈದ್ರಿ. ಈಗ ಇಂಗ್ಲಿಷ್‌ನಾಗ ಯಾಕ್ರಿ?"

ನಾನು ನೀರಿನ ಲೋಟ ಕೆಳಗಿಟ್ಟೆ.

"ಅಲ್ಲೆ ಅಂದ್ರಿ, ಎಲ್ಲಾರ ಮುಂದ ಅಂದ್ರಿ. ಇಲ್ಲೆ ನನ್ನ ಕಟ್ಟಿಮ್ಯಾಲ ಒಬ್ಬಾಕಿಗೇ ಹೇಳಿದ್ರ ಯಾರಿಗೆ ಮುಟ್ಟತೈತ್ರಿ ಅದು? ಮಲ್ಲ್ಯಾಗ ಮುಟ್ಟತೈತೇನು?"

"ಬಾ. ಅಲ್ಲೇ ಹೇಳ್ತೀನಿ."

"ನೋಡೂಣು," ಅಂದಳು. ಅಷ್ಟೇ. ಬರುತ್ತೇನೆ ಅನ್ನಲಿಲ್ಲ. ಮಾತು ಕೊಡುವ ವಿಷಯದಲ್ಲಿ ಅವಳು ನನಗಿಂತ ಹುಷಾರಿ.

ಶನಿವಾರ ಬೆಳಿಗ್ಗೆ ಬಬಲೇಶ್ವರದ ಬಸ್ಸು ಬಂತು, ಹೋಯಿತು. ಯಾರೂ ಇಳಿಯಲಿಲ್ಲ. ತಿಕೋಟಾದಿಂದ ಎರಡು ಫೋನು. ಸಿದ್ರಾಮ ಹಾರ ಬಿಚ್ಚಿಟ್ಟು, ಕುಂಕುಮವನ್ನೂ ಒರೆಸಿ, ಬೋಳು ರೋಲರಿನ ಮೇಲೆ ಸೊನ್ನೆ ಮಾಡಿ, ತೂಕದ ಕಲ್ಲು ಹಾಕಿ ನೋಡಿ, ಫಿಲ್ಮು ಏರಿಸಿ ಕಾಯುತ್ತಿದ್ದ. ಶುರು ಮಾಡಲೇ ಅಂದರೆ ನಾನು ಬೇಡ ಅನ್ನುತ್ತಿದ್ದೆ. ಒಂದು ತಾಸಿನ ಮೇಲೆ ಜೀಪೊಂದು ನಿಂತಿತು. ರತ್ನವ್ವ ಇಳಿದಳು, ಕೈಯಲ್ಲಿ ಬುತ್ತಿಯ ಡಬ್ಬಿ.

ಎಲ್ಲರನ್ನೂ ಕರೆದೆ. ಸಾಲಿಯಲ್ಲಿ ತಪ್ಪು ಮಾಡಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ಅವತ್ತು ಆ ಬೆಂಚಿನ ಮೇಲೆ ನಾನೇ ನಿಂತ ಹಾಗಿತ್ತು.

"ತಪ್ಪು ನಂದು," ಅಂದೆ. "ಹಾರ ಹಾಕಿದಾಕಿ ನಾ. ಖಾಲಿ ಅದ ಅಂದಾಕಿ ನಾ. ರತ್ನವ್ವ ಮತ್ತ ಮತ್ತ ಹೇಳಿದ್ಲು, ನಾ ಕೇಳಲಿಲ್ಲ. ಆಕಿ ಕೈ ಖರೆ ಇತ್ತು. ಮಾಲು ಕೆಡಿಸಿದ್ದು ನನ್ನ ಬಾಯಿ."

ಒಂದೂ ಇಂಗ್ಲಿಷ್ ಶಬ್ದ ಬರದ ಹಾಗೆ ನೋಡಿಕೊಂಡಿದ್ದೆ.  ಮಲ್ಲೇಶಿ ನೆಲ ನೋಡುತ್ತಿದ್ದ. ರತ್ನವ್ವ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು, "ಚಾಲೂ ಮಾಡ್ರಿ ಸಿದ್ರಾಮಣ್ಣ," ಅಂದಳು.

ಮಷಿನ್ ಎದ್ದಿತು. ಮೀಟರು ಐದು, ಐದೂವರೆ, ಆರಕ್ಕೆ ಬಂದು ನಿಂತಿತು. ಅವಳು ಬೆರಳಿನ ಬೆನ್ನು ತಾಗಿಸಿದಳು. ಕಣ್ಣು ಅರೆಮುಚ್ಚಿತು.  ಅವಳು ಇಲ್ಲ ಅಂದರೆ ಆ ಸೆನ್ಸರನ್ನು ಕಿತ್ತು ಹಾಕಿಸುವುದು ಅಂತ ನಾನು ನಿಶ್ಚಯ ಮಾಡಿಯಾಗಿತ್ತು.

"ಹಾಂ. ಈಗ ಖರೆ ಹೇಳಾಕತ್ತೈತಿ ಸವತಿ."

ಮಲ್ಲೇಶಿ ಮೊದಲು ನಕ್ಕ.

ಮಳೆ ಬರಲಿಲ್ಲ. ಮೂರು ದಿನ ಹೆದರಿಸಿ ಮೋಡ ಚದುರಿಹೋಯಿತು. ಹಾರವನ್ನು ಅಂದಿನಿಂದ ಬಾಗಿಲ ಚೌಕಟ್ಟಿಗೆ ಹಾಕುತ್ತೇವೆ. ಎಲ್ಲ ಮೊದಲಿನಂತಾಯಿತು ಅನ್ನಲಾರೆ. ರತ್ನವ್ವ ಬಂದಳು, ದುಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ "ಬರ್ರಿಲ್ಲೆ" ಅಂತ ನನ್ನನ್ನು ಮಷಿನಿನ ಹತ್ತಿರ ಕರೆಯಲಿಲ್ಲ. ದಿನವೂ ಕಾದೆ. ಸೀಜನ್ನಿನ ಕೊನೆಯ ವಾರ ಅಶೋಕ ಕೋಲು ಹಿಡಿದು ಬಂದು ತನ್ನ ಕುರ್ಚಿಯಲ್ಲಿ ಕೂತ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಎಲ್ಲರಿಗೂ ಹೇಳಿ ಹೊರಟೆ.

"ಬಾಯಾರ, ಬರ್ರಿಲ್ಲೆ."

ತಿರುಗಿದೆ. ಫಿಲ್ಮು ಓಡುತ್ತಿತ್ತು.

"ಬೆರಳ ಬೆನ್ನ ಇಡ್ರಿ. ಅಂಜಬ್ಯಾಡ್ರಿ."

ಇಟ್ಟೆ. ಕೂದಲು ನಿಮಿರಿದವು. ತಣ್ಣಗಿನದೇನೋ ಚರ್ಮದ ಕೆಳಗೆ ಹರಿದುಹೋಗುತ್ತಿತ್ತು, ನಿಲ್ಲದೆ.

"ಏನ್ ತಿಳೀತ್ರಿ?"

"ಏನೂ ತಿಳೀಲಿಲ್ಲವ್ವಾ."

"ತಿಳಿಯೂದಿಲ್ರಿ ಒಮ್ಮಿಗೆ. ಹತ್ತ ವರ್ಷ ಬೇಕು."

ನನಗಾಗ ಎಪ್ಪತ್ತೊಂದು. ಬ್ಯಾಗನ್ನು ಹೆಗಲಿನಿಂದ ಕೆಳಗಿಟ್ಟೆ.

"ಹಂಗಾದ್ರ ನಾಳೆನೂ ಬರ್ತೀನಿ," ಅಂದೆ.